ಬಾಲ್ಕನಿಯಲ್ಲಿ ಬಿದ್ದ ಏಟು

ಹೊಸಕೆರೆಹಳ್ಳಿ, ಬೆಂಗಳೂರು
18-8-1997

ಚಿ. ಸೌ. ಶೈಲಶ್ರೀಗೆ,

ನಿನ್ನ ಸೋದರಮಾವ ಜಯದೇವಪ್ಪ, ಬಲಗೈ ಮೊಣಕೈಗೆ ಅರಿಶಿನದ ಪಟ್ಟು ಹಾಕ್ಕೊಂಡು ಅದೇ ಕೈಯಲ್ಲಿ ಬರೆಯೋ ಆಶೀರ್ವಾದ. ಅಕ್ಷರ ಸೊಟ್ಟಗಿದ್ರೆ ನನಗೆ ಏಳನೇ ಕ್ಲಾಸು ಕಲಿಸಿದ ಮೇಷ್ಟ್ರನ್ನ ಬೈಬೇಡ, ಯಡಿಯೂರಿನ ಹುಡುಗರನ್ನ ಬೈಯಿ.

ಶುಕ್ರವಾರ ನಮ್ಮ ಮರುಳಸಿದ್ಧ ಟಾಕೀಸಿನಲ್ಲಿ ಹೊಸ ಪಿಚ್ಚರ್ ಬಿತ್ತು. ಹೀರೋ ಕಟೌಟಿಗೆ ಮೊದಲ ಹಾರ ಯಾರದು ಅನ್ನೋದಕ್ಕೆ ಎರಡು ಅಭಿಮಾನಿ ಸಂಘದ ನಡುವೆ ಕಿತ್ತಾಟ. ಹೊಸಕೆರೆಹಳ್ಳಿ ಸಂಘದವರು ಗೇಟಿನ ಮುಂದೆ ಟಾರ್ಪಾಲು ಹಾಸ್ಕೊಂಡು ಮಲಗಿದ್ರು. ಯಡಿಯೂರಿನವರು ಬೆಳಿಗ್ಗೆ ಕ್ರೇನ್ ತಗೊಂಡು ಬಂದ್ಬಿಟ್ರು. ಆ ಹಾರ ಮೇಲೇರ್ತಾ ಇದೆ, ನಮ್ಮೂರಿನವರಲ್ಲೊಬ್ಬ ಹಗ್ಗ ಕುಯ್ದ. ಸರಿ, ಶುರುವಾಯ್ತು ನೋಡು. ಸೈಕಲ್ ಚೈನು, ಬ್ಯಾನರಿನ ಬಿದಿರು, ಸೋಡಾ ಬಾಟ್ಲಿ. ಒಬ್ಬನ ಕಿವಿ ಅರ್ಧ ಹರಿದು ಜೋತಾಡ್ತಿತ್ತು, ಅವನು ಅದನ್ನ ಒಂದು ಕೈಯಲ್ಲಿ ಒತ್ತಿ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಗುದ್ದುತಿದ್ದ. ಕಟೌಟಿಗೆ ಸುರಿದ ಹಾಲಿಗೆ ಇವರ ರಕ್ತ ಸೇರಿ, ಮೋರಿ ತನಕ ರೋಸ್ ಮಿಲ್ಕ್ ಹರಿದ ಹಾಗೆ ಹರೀತು.

ಬಾಲ್ಕನಿ ಬಾಗಿಲು ಕಾಯೋ ನಾನು ಕೆಳಗಿಳಿದು ಬಂದೆ. ಎರಡೂ ಸಂಘದ ಲೀಡರುಗಳ ಕೊರಳಪಟ್ಟಿ ಹಿಡಿದು ತೆಂಗಿನಕಾಯಿ ಕುಟ್ಟಿದ ಹಾಗೆ ತಲೆಗೆ ತಲೆ ಕುಟ್ಟಿದೆ. "ಅಣ್ಣಾ ಬಿಡಣ್ಣಾ" ಅಂತ ಕಾಲು ಹಿಡ್ಕೊಂಡ್ರು. ಪೊಲೀಸ್ನೋರು ಬರೋ ಹೊತ್ತಿಗೆ ನಾನು ಕೈ ತೊಳೆದುಕೊಂಡು ಟಿಕೆಟ್ ಹರೀತಿದ್ದೆ.

ಆದ್ರೆ ಕೇಳು, ಆಮೇಲೆ ಒಳಗೆ ಬಂದ ಮೇಲೆ? ಹೊಡೆದವನು, ಹೊಡೆಸಿಕೊಂಡವನು ಅಕ್ಕಪಕ್ಕ ಕೂತು, ಒಂದೇ ಕಡಲೆಕಾಯಿ ಪೊಟ್ಟಣಕ್ಕೆ ಕೈ ಹಾಕ್ತಾ ಇದ್ರು. ಹೀರೋ ಬಾಗಿಲು ಒದ್ದು ಒಳಗೆ ಬಂದಾಗ ಹರಿದ ಕಿವಿಯವನೇ ಎಲ್ಲರಿಗಿಂತ ಮುಂಚೆ ಕುರ್ಚಿ ಹತ್ತಿದ. ಇದು ಟಾಕೀಸು ಕಣೇ. ದೇವಸ್ಥಾನದಲ್ಲೂ ಇಷ್ಟು ಜನ ಒಂದೇ ಕಡೆ ನೋಡಲ್ಲ.

ನಿನ್ನ ಮದುವೆಯಾದ ಮೇಲೆ ನಮ್ಮ ಬಾಲ್ಕನಿ ಸಪ್ಪೆಯಾಗಿದೆ. ರಜಕ್ಕೆ ಬಂದಾಗೆಲ್ಲ ನೀನು ನಕ್ಕ ನಗು ಕೆಳಗೆ ಪರದೆ ಮುಂದಿನ ಗಾಂಧಿ ಕ್ಲಾಸಿಗೂ ಕೇಳ್ತಿತ್ತು. ದಾವಣಗೆರೆಯಲ್ಲಿ ಅಳಿಯಂದಿರು ಪಿಚ್ಚರಿಗೆ ಕರ್ಕೊಂಡು ಹೋಗ್ತಾರಾ? ಬರಿ.

ನಿನ್ನ ಮಾವ,
ಜಯದೇವಪ್ಪ


ದಾವಣಗೆರೆ
2-9-1997

ಮಾವ,

ನಿನ್ನ ಕಾಗದ ಬಂತು. ಅಡುಗೆ ಮನೆಯಲ್ಲಿ ನಿಂತುಕೊಂಡೇ ಓದಿದೆ. ಆ ಕಿವಿಯವನು ಹೇಗಿದ್ದಾನೆ? ಹೊಲಿಗೆ ಹಾಕಿಸಿದರಾ?

ಇವರು ಪಿಚ್ಚರಿಗೆ ಕರೆದುಕೊಂಡು ಹೋಗುತ್ತಾರೆ. ಭಾನುವಾರ ಜವಳಿ ಅಂಗಡಿಗೆ ರಜ, ಊಟ ಮುಗಿಸಿ ಮ್ಯಾಟ್ನಿಗೆ ಹೋಗುತ್ತೇವೆ. ಇವರಿಗೆ ಫೈಟಿನ ಪಿಚ್ಚರ್ ಬಿಟ್ಟು ಬೇರೆ ಹಿಡಿಸುವುದಿಲ್ಲ. ಫೈಟು ಶುರುವಾದರೆ ನನ್ನ ಕೈ ಹಿಡಿದುಕೊಳ್ಳುತ್ತಾರೆ. ಹೀರೋ ಒಂದೊಂದು ಗುದ್ದು ಗುದ್ದಿದಾಗಲೂ ಇವರೂ ಬೆರಳು ಹಿಸುಕುತ್ತಾರೆ. ಮೊದಮೊದಲು ತಮಾಷೆ ಅಂದುಕೊಂಡಿದ್ದೆ.

ಹೋದ ವಾರ ಒಂದು ಕಾಮಿಡಿ ಸೀನಿನಲ್ಲಿ ನಾನು ಜೋರಾಗಿ ನಕ್ಕುಬಿಟ್ಟೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ಇವರು ಏನೂ ಅನ್ನಲಿಲ್ಲ. ಮನೆಗೆ ಬಂದ ಮೇಲೆ ನಾನು ಬಚ್ಚಲಲ್ಲಿ ಜಾರಿ ಬಿದ್ದೆ. ಮಣಿಕಟ್ಟು ಊದಿಕೊಂಡಿದೆ, ಅಷ್ಟೇ. ಈಗ ಪಿಚ್ಚರ್ ನೋಡುವಾಗ ಬಾಯಿಗೆ ಕರ್ಚೀಫು ಇಟ್ಟುಕೊಳ್ಳುತ್ತೇನೆ.

ಮಾವ, ನೀನು ಅವರಿಬ್ಬರ ತಲೆ ಕುಟ್ಟಿದಾಗ ನಿನಗೆ ಹೆದರಿಕೆ ಆಗಲಿಲ್ಲವಾ? ಇನ್ನೊಂದಷ್ಟು ಬರಿ. ನಿನ್ನ ಕಾಗದ ಓದಿದರೆ ಧೈರ್ಯ ಬರುತ್ತದೆ.

ಶೈಲ


ಹೊಸಕೆರೆಹಳ್ಳಿ
10-9-1997

ಚಿ. ಸೌ. ಶೈಲಶ್ರೀಗೆ ಆಶೀರ್ವಾದ.

ಹೆದರಿಕೆನಾ? ಆ ಪದ ನಮ್ಮ ವಂಶದ ಬಾಯಲ್ಲೇ ಇಲ್ಲ. ನಿನ್ನ ಅಮ್ಮನ ಬಾಯಲ್ಲಿ ಮಾತ್ರ ಇದೆ, ಅವಳು ಕೋಳಿ ಕೂಗಿದ್ರೂ ಹೆದರ್ತಾಳೆ.

ಬಚ್ಚಲಲ್ಲಿ ಜಾರೋದು ಏನೇ? ನೆಲಕ್ಕೆ ಪಾಚಿ ಕಟ್ಟಿರತ್ತೆ, ಸೀಗೆಪುಡಿ ಹಾಕಿ ಉಜ್ಜು. ಕರ್ಚೀಫಿನ ವಿಷಯ ಓದಿ ನಕ್ಕೆ. ನಮ್ಮ ಶೈಲ ಬಾಯಿಗೆ ಕರ್ಚೀಫು! ಜವಳಿ ಅಂಗಡಿ ಸೊಸೆಯಾದ್ಮೇಲೆ ಗತ್ತು ಬಂದಿದೆ ನಿಂಗೆ. ಗಂಡ ಕತ್ತಲಲ್ಲಿ ಕೈ ಹಿಡಿತಾನೆ ಅನ್ನೋದನ್ನೆಲ್ಲ ಮಾವನಿಗೆ ಬರೀತಾರೇನೇ, ನಾಚಿಕೆ ಇಲ್ಲದೋಳೆ.

ಇನ್ನೊಂದಷ್ಟು ಬರಿ ಅಂದ್ಯಲ್ಲ, ತಗೋ. ಮೊನ್ನೆ ಲೇಡೀಸ್ ಕ್ಯೂನಲ್ಲಿ ಒಬ್ಬ ಬ್ಲಾಕ್ ಟಿಕೆಟ್ಟಿನವನು ಒಂದು ಹೆಣ್ಣುಮಗಳ ಜಡೆ ಎಳೆದ. ಬಿಟಿಎಂ ಕಡೆಯಿಂದ ಬಂದವನು, ಸೊಂಟದಲ್ಲಿ ಚಾಕು ಬೇರೆ. ನಾನು ಹೋಗಿ ಅವನ ಆ ಕೈಯನ್ನೇ ಕಬ್ಬಿಣದ ಗೇಟಿನ ಸಂದಿಗೆ ಕೊಟ್ಟು ಗೇಟು ಎಳೆದೆ. ಬೆರಳು ಮುರಿದ ಸದ್ದು ಚಕ್ಕುಲಿ ಮುರಿದ ಹಾಗೆ ಕೇಳಿಸ್ತು. "ಇನ್ನು ಈ ಕೈಯಲ್ಲಿ ಅನ್ನ ಕಲಸಲ್ಲ ನೀನು" ಅಂದೆ. ಆ ಹೆಣ್ಣುಮಗಳು ಕೈ ಮುಗಿದ್ಲು. ಕೇಳು, ಮರುಳಸಿದ್ಧದ ಗೇಟಿನ ಒಳಗೆ ಹೆಂಗಸಿನ ಮೇಲೆ ಕೈ ಎತ್ತಿದವನು ಆ ಕೈ ವಾಪಸ್ ತಗೊಂಡು ಹೋಗಿಲ್ಲ.

ಅಳಿಯಂದಿರಿಗೆ ಫೈಟು ಇಷ್ಟ ಅಂತ ಓದಿ ಖುಷಿಯಾಯ್ತು, ಗಂಡಸು ಅಂದ್ರೆ ಹಂಗಿರ್ಬೇಕು. ಸಂಕ್ರಾಂತಿಗೆ ದೊಡ್ಡ ಪಿಚ್ಚರ್ ಬರ್ತಾ ಇದೆ. ಇಬ್ಬರೂ ಬನ್ನಿ. ಬಾಲ್ಕನಿ ಮೊದಲ ಸಾಲು ನಿಮ್ಮದು.

ಜಯದೇವಪ್ಪ


ದಾವಣಗೆರೆ
6-11-1997

ಮಾವ,

ಎರಡು ತಿಂಗಳಿಂದ ಬರೆಯಲಿಲ್ಲ ಅಂತ ಬೇಜಾರು ಮಾಡಿಕೋಬೇಡ. ಬಚ್ಚಲಲ್ಲಿ ಪಾಚಿ ಇಲ್ಲ ಮಾವ. ನಾನು ಜಾರಿ ಬಿದ್ದಿರಲಿಲ್ಲ.

ಇವರು ಹೊಡೆಯುತ್ತಾರೆ. ಮದುವೆಯಾದ ತಿಂಗಳಿಂದ. ಅಂಗಡಿಯಲ್ಲಿ ಎಲ್ಲರ ಹತ್ತಿರವೂ ನಗುನಗುತ್ತಾ ಇರುತ್ತಾರೆ, ಶಾಂತವೀರಪ್ಪನಂಥ ಮನುಷ್ಯ ಇಲ್ಲ ಅಂತ ಬೀದಿಯೇ ಹೇಳುತ್ತದೆ. ಕದ ಹಾಕಿದ ಮೇಲೆ ಬೇರೆ. ಪಿಚ್ಚರ್ ನೋಡಿ ಬಂದ ದಿನ ಹೆಚ್ಚು. ಪರದೆ ಮೇಲೆ ನೋಡಿದ್ದನ್ನು ನನ್ನ ಮೇಲೆ ಮಾಡಿ ನೋಡುತ್ತಾರೆ. ಹೋದ ಭಾನುವಾರ ನನ್ನ ಕರ್ಚೀಫು ಕೆಳಗೆ ಬಿತ್ತು. ಹಿಂದೆ ಕೂತಿದ್ದ ಯಾರೋ ಹಿರಿಯರು ಎತ್ತಿಕೊಟ್ಟರು. ನಾನು "ಥ್ಯಾಂಕ್ಸ್" ಅಂದೆ. ಅಷ್ಟಕ್ಕೆ ಮನೆಗೆ ಬಂದು ನನ್ನ ಮುಖವನ್ನು ಬಾಗಿಲ ಚೌಕಟ್ಟಿಗೆ ಹೊಡೆದರು. ಮುಂದಿನ ಹಲ್ಲು ಅರ್ಧ ಮುರಿದಿದೆ. ರಕ್ತ ಒರೆಸಿಕೊಳ್ಳುವಾಗ "ಈಗ ನಗು" ಅಂದರು.

ಅಮ್ಮನಿಗೆ ಹೇಳಿದೆ. ಹೊಂದಿಕೊಂಡು ಹೋಗು ಅಂದಳು. ನಿನ್ನನ್ನು ಬಿಟ್ಟರೆ ಹೇಳಿಕೊಳ್ಳಲು ಇನ್ನು ಯಾರೂ ಇಲ್ಲ. ನೀನು ಅಷ್ಟು ಜನರನ್ನು ಹೊಡೆದವನು. ಇವರೊಬ್ಬರೇ. ಬಂದು ನನ್ನನ್ನು ಕರೆದುಕೊಂಡು ಹೋಗು ಮಾವ.

ಶೈಲ


ಹೊಸಕೆರೆಹಳ್ಳಿ
14-11-1997

ಚಿ. ಶೈಲಶ್ರೀಗೆ,

ನಿನ್ನ ಕಾಗದ ಓದಿದಾಗಿಂದ ನನ್ನ ಮೈಯಲ್ಲಿ ರಕ್ತ ಕುದೀತಾ ಇದೆ. ಈಗಲೇ ಬಸ್ಸು ಹತ್ತಿ ಬಂದು, ಅವನನ್ನ ಅವನ ಅಂಗಡಿಯ ಮೀಟರ್ ಕೋಲಿನಲ್ಲೇ ಅಳೆದು ಹಾಕ್ತಿದ್ದೆ. ಆದ್ರೆ ಮುಂದಿನ ಶುಕ್ರವಾರ ಹೊಸ ಪಿಚ್ಚರ್ ಇದೆ, ನಮ್ಮ ಓನರ್ ಪರಮಶಿವಯ್ಯನವರು "ಜಯದೇವಪ್ಪ ಇಲ್ಲದೆ ಗೇಟು ತೆಗೆಯಲ್ಲ" ಅಂತ ಕೂತಿದ್ದಾರೆ. ಅದೂ ಅಲ್ಲದೆ ನಾನು ಒಂದು ಸಲ ಕೈ ಎತ್ತಿದ್ರೆ ಎದುರಿಗಿರೋನು ಉಳಿಯಲ್ಲ. ನಿನ್ನ ತಾಳಿಯ ಗತಿ ಏನು? ಅದಕ್ಕೇ ಯೋಚನೆ ಮಾಡಿದೆ.

ಅಳಿಯನನ್ನ ಹೊಡೆದು ದಾರಿಗೆ ತಂದವರಿಲ್ಲ, ಮರ್ಯಾದೆ ಮಾಡಿ ತಂದವರಿದ್ದಾರೆ. ನಮ್ಮ ಕಡೆ ಮೊದಲಿಂದ ಹಂಗೇ. ಅವನಿಗೆ ಅಂಗಡಿ ವಿಳಾಸಕ್ಕೆ ಒಂದು ಕಾಗದ ಹಾಕಿದ್ದೀನಿ. ಅರ್ಧ ನಯ, ಅರ್ಧ ಭಯ. ನಮ್ಮ ಹುಡುಗಿ ಹೂವಿನಂಥವಳು ಅಂದೆ. ಅವಳ ಹಲ್ಲು ಮುರಿದ ವಿಷಯ ನನಗೆ ಗೊತ್ತು ಅಂದೆ. ಗೇಟಿನ ಸಂದಿಯ ಬೆರಳಿನ ಕಥೆಯನ್ನೂ ಬರೆದೆ. ಕೊನೆಗೆ, ಸಂಕ್ರಾಂತಿಗೆ ಬನ್ನಿ, ಪಂಚೆ ಶಲ್ಯ ಕೊಟ್ಟು ಬಾಲ್ಕನಿ ಮೊದಲ ಸಾಲಿನಲ್ಲಿ ಕೂರಿಸ್ತೀನಿ ಅಂತ ಮುಗಿಸಿದೆ. ಓದಿದ್ರೆ ಅವನ ಕಾಲು ನಡುಗಬೇಕು, ಹಂಗೆ ಬರೆದಿದ್ದೀನಿ.

ಇನ್ನು ನೀನು ನಿಶ್ಚಿಂತೆಯಿಂದಿರು.

ಜಯದೇವಪ್ಪ


ದಾವಣಗೆರೆ
9-12-1997

ಮಾವನವರಿಗೆ,

ನೀವು ಇವರಿಗೆ ಬರೆದ ಕಾಗದ ತಲುಪಿತು.

ಅಂಗಡಿಯಿಂದ ಮನೆಗೆ ತಂದರು. ಕದ ಹಾಕಿ, ನನ್ನ ಕೈಗೆ ಕೊಟ್ಟು ಗಟ್ಟಿಯಾಗಿ ಓದು ಅಂದರು. ಒಂದು ಸಾಲು ಓದಿದ ಮೇಲೆ ಒಂದು ಏಟು. ಆಮೇಲೆ ಮುಂದಿನ ಸಾಲು. ಹೂವಿನಂಥವಳು ಅನ್ನುವ ಕಡೆ ಎರಡು ಸಲ ಓದಿಸಿದರು. ನೀವು ಉದ್ದ ಕಾಗದ ಬರೆಯುತ್ತೀರಿ ಮಾವ.

ಎಡಗಿವಿಯಲ್ಲಿ ಈಗ ಬರೀ ಜೀರುಂಡೆ ಸದ್ದು.

ಸಂಕ್ರಾಂತಿಗೆ ಬರುತ್ತಾರಂತೆ. "ನಿಮ್ಮ ಮಾವನ ತೋಳು ಎಷ್ಟು ದಪ್ಪ ಅಂತ ನೋಡಬೇಕು" ಅಂದರು. ನೀವು ಏನೂ ಮಾತಾಡಬೇಡಿ. ಪಂಚೆ ಶಲ್ಯ ಕೊಡಿ, ಪಿಚ್ಚರ್ ತೋರಿಸಿ, ಕಳಿಸಿಬಿಡಿ. ಅಲ್ಲಿಯವರೆಗೆ ಕಾಗದ ಬರೆಯಬೇಡಿ.

ಶೈಲಶ್ರೀ


ಹೊಸಕೆರೆಹಳ್ಳಿ
16-2-1998

ಚಿ. ಶೈಲಶ್ರೀಗೆ ಆಶೀರ್ವಾದ.

ತಿಪಟೂರಿಗೆ, ಅಮ್ಮನ ಮನೆಗೆ ನೀನು ಹುಷಾರಾಗಿ ತಲುಪಿದೆ ಅಂತ, ನಿನ್ನನ್ನ ಬಿಟ್ಟು ಬಂದ ನಮ್ಮ ಪಿಚ್ಚರ್ ಓಡಿಸೋ ಆಪರೇಟರ್ ಹನಮಂತ ಹೇಳಿದ. ನಾನು ಜೈಲಿನಿಂದ ಹೋದ ವಾರ ಬೇಲ್ ಮೇಲೆ ಬಂದೆ. ಅಲ್ಲಿ ನನ್ನನ್ನ ಬೀಗರ ಮನೆಯವರ ಥರ ನೋಡ್ಕೊಂಡ್ರು. ಮಲಗೋಕೆ ಜಾಗ ಬಿಟ್ಟುಕೊಟ್ಟು ಎರಡೆರಡು ಸಲ ಕಥೆ ಹೇಳಿಸ್ಕೊಂಡ್ರು.

ಕೇಸು ಕೋರ್ಟಿಗೆ ಬಂದಾಗ ಲಾಯರ್ರು ನಿನ್ನನ್ನ ಕೇಳಬಹುದು, ಊರಿನ ಹಿರಿಯರೂ ಕೇಳಬಹುದು. ಅದಕ್ಕೇ ಆ ದಿನ ನಡೆದದ್ದನ್ನ ನಡೆದ ಹಾಗೇ ಬರೀತೀನಿ. ಚೆನ್ನಾಗಿ ಓದಿ ಮನಸ್ಸಿನಲ್ಲಿ ಇಟ್ಕೋ.

ಸಂಕ್ರಾಂತಿ ದಿನ ಮ್ಯಾಟ್ನಿ. ಹೌಸ್‌ಫುಲ್. ಕ್ಲೈಮ್ಯಾಕ್ಸ್ ಫೈಟು, ಹೀರೋ ಸಾಮಿಲ್ಲಿನಲ್ಲಿ ಒಬ್ಬೊಬ್ಬರನ್ನೇ ಗರಗಸದ ಮೇಲೆ ಎತ್ತಿ ಹಾಕ್ತಿದ್ದಾನೆ. ಗಾಂಧಿ ಕ್ಲಾಸಿನಿಂದ ಬಾಲ್ಕನಿ ತನಕ ಎಲ್ಲರೂ ಎದ್ದು ನಿಂತು "ಹೊಡಿ! ಹೊಡಿ! ಬಿಡಬೇಡ!" ಅಂತ ಕಿರುಚ್ತಾ ಇದ್ದಾರೆ. ಆ ಗದ್ದಲದಲ್ಲಿ ನನ್ನ ಹದ್ದಿನ ಕಣ್ಣಿಗೆ ಮೊದಲ ಸಾಲಿನಲ್ಲಿ ಏನೋ ಕಂಡಿತು. ಟಾರ್ಚು ಬಿಟ್ಟೆ. ಶಾಂತವೀರಪ್ಪ ನಿನ್ನ ತುರುಬು ಹಿಡಿದು ಬಾಲ್ಕನಿಯ ಕಬ್ಬಿಣದ ಕಂಬಿಗೆ ನಿನ್ನ ಹಣೆ ಜಜ್ಜುತಿದ್ದ. ಜನ ಹೊಡಿ ಅಂದ ಹಾಗೆಲ್ಲ ಅವನೂ ಜಜ್ಜುತಿದ್ದ.

ನಾನು ಹುಲಿ ಹಾರಿದ ಹಾಗೆ ಮೆಟ್ಟಿಲು ಹಾರಿದೆ. "ಲೋ ಶಾಂತವೀರ, ಇದು ಮರುಳಸಿದ್ಧ ಕಣೋ" ಅಂದೆ. ಅವನು ತಿರುಗಿದ. ಉದ್ದನೆ ಸ್ಟೀಲ್ ಟಾರ್ಚು ಬೀಸಿ ಒಂದೇ ಏಟು ಕೊಟ್ಟೆ, ಎಡದವಡೆಗೆ. ದವಡೆ ಎರಡು ಕಡೆ ಮುರೀತು. ಬಾಯಿಂದ ರಕ್ತ ಕೊಡದಲ್ಲಿ ಸುರಿದ ಹಾಗೆ ಬಂತು, ಮೆಟ್ಟಿಲ ಮೇಲೆ ಮಗುಚಿ ಬಿದ್ದ. ನೀನು ಆಗ ಎರಡೂ ಕೈಯಲ್ಲಿ ಮುಖ ಮುಚ್ಕೊಂಡು ಕೂತಿದ್ದೆ. ಏನೂ ನೋಡಿಲ್ಲ. ಇದು ಮುಖ್ಯ. ನೀನು ಏನೂ ನೋಡಿಲ್ಲ.

ಅವನೂ ಸ್ಟೇಷನ್ನಿನವರಿಗೆ, ದವಡೆ ಕಟ್ಟಿದ್ರಿಂದ ಮಾತಾಡೋಕಾಗದೆ, "ಹೊಡೆದದ್ದು ಜಯದೇವಪ್ಪ" ಅಂತಲೇ ಬರೆದುಕೊಟ್ಟಿದ್ದಾನೆ. ಜನರನ್ನೂ ಕೇಳಿದ್ರು. ಒಬ್ಬನಾದ್ರೂ ಬಾಯಿ ಬಿಡ್ಬೇಕಲ್ಲ. "ನಾವು ಪಿಚ್ಚರ್ ನೋಡ್ತಿದ್ವಿ ಸಾರ್" ಅಂದ್ರು ಎಲ್ಲರೂ.

ಕೆಲಸ ಬಿಟ್ಟೆ. ಪರಮಶಿವಯ್ಯನವರು ಕೈ ಹಿಡ್ಕೊಂಡು ಬೇಡ ಅಂದ್ರು. ಸಾಕು ಸ್ವಾಮಿ, ವಯಸ್ಸಾಯ್ತು, ಇನ್ನು ಕೂತು ಪಿಚ್ಚರ್ ನೋಡ್ತೀನಿ ಅಂದೆ.

ಜಯದೇವಪ್ಪ


ತಿಪಟೂರು
25-2-1998

ಮಾವ,

ನಿನ್ನ ಕಾಗದವನ್ನು ಚೆನ್ನಾಗಿಯೇ ಓದಿದೆ. ನಡೆದದ್ದು ಹಾಗಲ್ಲ. ನಾನು ಮುಖ ಮುಚ್ಚಿಕೊಂಡಿರಲಿಲ್ಲ.

ಮೂರನೇ ಸಲ ಹಣೆ ಕಂಬಿಗೆ ಬಡಿದಾಗ ನಾನು ಕೂಗಿದೆ. ನನ್ನ ಕೂಗು ನನಗೇ ಕೇಳಿಸಲಿಲ್ಲ. ಎಲ್ಲರೂ ಹೊಡಿ ಅನ್ನುತ್ತಿದ್ದರು. ಪಕ್ಕದ ಸೀಟಿನ ಹೆಂಗಸು ನನ್ನ ಕಡೆ ನೋಡಿದಳು, ಮತ್ತೆ ಪರದೆ ಕಡೆ ತಿರುಗಿಕೊಂಡಳು. ಇಲ್ಲೇ ಸಾಯುತ್ತೇನೆ, ಇಷ್ಟು ಜನರ ನಡುವೆ ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡೆ. ಅಷ್ಟರಲ್ಲಿ ಪಿಚ್ಚರ್ ನಿಂತುಹೋಯಿತು. ಲೈಟು ಬಂತು.

ಆ ಲೈಟು ಹಾಕಿಸಿದವನು ನೀನು. ಆಪರೇಟರ್ ಕ್ಯಾಬಿನ್ನಿಗೆ ಕೇಳಿಸುವ ಬಾಗಿಲ ಪಕ್ಕದ ಬೆಲ್ಲು ಒತ್ತಿ ಹಿಡಿದೇ ಇದ್ದೆಯಂತೆ, ಬಾಲ್ಕನಿಗೆ ಬೆಂಕಿ ಬಿದ್ದಿರಬೇಕು ಅಂದುಕೊಂಡು ಪಿಚ್ಚರ್ ನಿಲ್ಲಿಸಿಬಿಟ್ಟೆ ಅಂತ ಹನಮಂತಣ್ಣ ಹೇಳಿದರು. ಕ್ಲೈಮ್ಯಾಕ್ಸಿನಲ್ಲಿ ಪಿಚ್ಚರ್ ನಿಂತರೆ ಆ ಜನ ಏನು ಮಾಡುತ್ತಾರೆ ಅಂತ ನಿನಗಿಂತ ಗೊತ್ತಿರುವವರು ಯಾರು? ಕೆಳಗಿನಿಂದ ಬಂದ ಮೊದಲ ಚಪ್ಪಲಿ ನಿನ್ನ ಮುಖಕ್ಕೇ ಬಿತ್ತು. ಮೇಲೆ ಓಡಿಬಂದ ಇಬ್ಬರು ನಿನ್ನ ಅಂಗಿ ಹರಿದರು, ಒಬ್ಬ ಹೊಟ್ಟೆಗೆ ಒದ್ದ. ನೀನು ಬೆಲ್ಲಿನಿಂದ ಕೈ ತೆಗೆಯಲಿಲ್ಲ. ಇನ್ನೊಂದು ಕೈಯಲ್ಲಿ ನನ್ನ ಕಡೆ ತೋರಿಸಿದೆ.

ಆಗ ಇಡೀ ಟಾಕೀಸು ತಿರುಗಿ ಬಾಲ್ಕನಿ ನೋಡಿತು. ಇವರು ಇನ್ನೂ ನನ್ನ ತುರುಬು ಬಿಟ್ಟಿರಲಿಲ್ಲ. "ನನ್ನ ಹೆಂಡ್ತಿ ಕಣ್ರೀ, ನಿಮಗೇನು, ಪಿಚ್ಚರ್ ಹಾಕ್ಸಿ" ಅಂದರು. ಒಬ್ಬರೂ ಉಸಿರೆತ್ತಲಿಲ್ಲ. ನೀನು ಟಾರ್ಚು ಹಿಡಿದುಕೊಂಡು ನಮ್ಮ ಸಾಲಿಗೆ ಬಂದೆ. ನಿನ್ನ ಕೈ ಎಷ್ಟು ನಡುಗುತ್ತಿತ್ತು ಅಂದರೆ ಟಾರ್ಚಿನ ಗಾಜು ಕಟಕಟ ಅನ್ನುತ್ತಿತ್ತು. "ಬಿಡಪ್ಪಾ, ದಮ್ಮಯ್ಯ ಬಿಡಪ್ಪಾ" ಅಂದೆ. ಹುಲಿ ಹಾರಲಿಲ್ಲ ಮಾವ.

ಟಾರ್ಚು ನಿನ್ನ ಕೈಯಿಂದ ಕಿತ್ತುಕೊಂಡವಳು ನಾನು. ಹೊಡೆದವಳು ನಾನು.

ಇವರು ಬಿದ್ದ ಮೇಲೆ ಕೆಳಗಿನಿಂದ ಒಂದು ಶಿಳ್ಳೆ ಬಂತು. ಆಮೇಲೆ ಇಡೀ ಗಾಂಧಿ ಕ್ಲಾಸು ಶಿಳ್ಳೆ. ಹೀರೋಗೆ ಅಂತ ಹರಿದು ಇಟ್ಟುಕೊಂಡಿದ್ದ ಪೇಪರ್ ಚೂರನ್ನೆಲ್ಲ ಬಾಲ್ಕನಿ ಕಡೆ ತೂರಿದರು. ನೀನು ನನ್ನ ಕೈಯಿಂದ ಟಾರ್ಚು ಕಸಿದುಕೊಂಡು "ನಾನೇ ಹೊಡೆದದ್ದು! ನಾನೇ! ಎಲ್ಲರೂ ನೋಡಿದ್ರಲ್ಲ!" ಅಂತ ಕೂಗಿದೆ. ಅವರೆಲ್ಲ "ಹೌದಣ್ಣೋ" ಅಂದರು.

ಅಮ್ಮನೂ ನೀನೇ ಹೊಡೆದದ್ದು ಅಂತ ನಂಬಿದ್ದಾಳೆ. ತಮ್ಮ ಹೀಗೆ ಮಾಡಬಾರದಿತ್ತು ಅಂತ ಅಳುತ್ತಾಳೆ. ಯುಗಾದಿ ಕಳೆದ ಮೇಲೆ ದಾವಣಗೆರೆಯಿಂದ ಹಿರಿಯರು ಕರೆಯಲು ಬರುತ್ತಾರಂತೆ. "ಗಂಡನಿಗೆ ಅಗಿಯೋಕಾಗಲ್ಲ, ಹೋಗಿ ಗಂಜಿ ಕಾಯಿಸಿ ಹಾಕು" ಅನ್ನುತ್ತಾಳೆ ಅಮ್ಮ. ಹೋದರೆ ಇವರು ನನ್ನನ್ನು ಉಳಿಸುವುದಿಲ್ಲ. ಅದು ನನಗೆ ಗೊತ್ತು, ಇವರಿಗೂ ಗೊತ್ತು.

ನಿನ್ನ ಕೆಲಸ ನೀನು ಬಿಟ್ಟದ್ದಲ್ಲ, ಪಿಚ್ಚರ್ ನಿಲ್ಲಿಸಿದ್ದಕ್ಕೆ ತೆಗೆದರು ಅಂತಲೂ ಗೊತ್ತಾಯಿತು. ಇನ್ನು ಜೈಲಿಗೂ ನೀನೇ ಹೋಗುವುದು ಬೇಡ. ನಾನು ಕೋರ್ಟಿಗೆ ಬಂದು ನಿಜ ಹೇಳುತ್ತೇನೆ.

ಶೈಲ


ಹೊಸಕೆರೆಹಳ್ಳಿ
20-4-1998

ಚಿ. ಶೈಲಶ್ರೀಗೆ,

ನಿನ್ನ ಕಾಗದಕ್ಕೆ ಉತ್ತರ ಕೊಡೋಕೆ ತಡವಾಯ್ತು. ದಾವಣಗೆರೆಗೆ ಹೋಗಿದ್ದೆ.

ಹೌದು, ನಾನೇ, ಒಬ್ಬನೇ. ಜವಳಿ ಅಂಗಡಿಗೆ ನುಗ್ಗಿದೆ. ನುಗ್ಗಿದೆ ಅಂದ್ರೆ ಚಪ್ಪಲಿ ಹೊರಗೆ ಬಿಟ್ಟೇ ಹೋದೆ. ಗದ್ದುಗೆ ಮೇಲೆ ಶಾಂತವೀರಪ್ಪ, ಪಕ್ಕದಲ್ಲಿ ಅವನಣ್ಣ. ದವಡೆಯ ತಂತಿ ಬಿಚ್ಚಿದ್ದಾರೆ, ಮುಖ ಒಂದು ಕಡೆಗೆ ವಾಲಿದೆ. ನನ್ನನ್ನ ಕಂಡವನೇ ಎದ್ದ. ಅವನಣ್ಣ ಒಳಗೆ ಬಂದು ಮಾತಾಡಿ ಅಂದ. ಗಂಟುಮೂಟೆ ಇಡೋ ಕೋಣೆಯಲ್ಲಿ ಕದ ಹಾಕ್ಕೊಂಡು ಮಾತಾಡಿದ್ವಿ. ಮಾತು ಸ್ವಲ್ಪ ಜೋರಾಯ್ತು.

ಆಮೇಲೆ ನಾನು ಹೇಳಿದೆ: "ಅಳಿಯಂದಿರೇ, ನನ್ನನ್ನ ಎಷ್ಟು ಬೇಕಾದ್ರೂ ಬಡೀರಿ. ನೀವು ಸ್ಟೇಷನ್ನಿನಲ್ಲಿ ನನ್ನ ಹೆಸರು ಬರೆಸಿದ್ದೀರಿ, ತುಂಬ ಸಂತೋಷ. ಆದ್ರೆ ನಾನೀಗ ಮನಸ್ಸು ಬದಲಾಯಿಸ್ತಿದ್ದೀನಿ. ಕೋರ್ಟಿನಲ್ಲಿ ನಿಂತು ಸತ್ಯ ಹೇಳಿಬಿಡ್ತೀನಿ. ನಿಮ್ಮ ದವಡೆ ಮುರಿದವಳು ನಿಮ್ಮ ಹೆಂಡ್ತಿ. ಒಂದೇ ಏಟಿಗೆ ನೀವು ಮಗುಚಿ ಬಿದ್ರಿ. ಲೈಟ್ ಹಾಕಿತ್ತು, ಹೌಸ್‌ಫುಲ್ ಇತ್ತು. ಆ ಜನ ಇಷ್ಟು ದಿನ ಪಿಚ್ಚರ್ ನೋಡ್ತಿದ್ವಿ ಅಂದಿದ್ದಾರೆ, ನಾನು ಕರೆದ್ರೆ ಬಸ್ಸು ಮಾಡ್ಕೊಂಡು ಬಂದು ಸಾಕ್ಷಿ ಹೇಳ್ತಾರೆ. ನಾಳೆ ನಿಮ್ಮ ಅಂಗಡಿಗೆ ಸೀರೆ ಕೊಳ್ಳೋಕೆ ಬರೋ ಹೆಂಗಸರೆಲ್ಲ ಮೊದಲು ನಿಮ್ಮ ದವಡೆ ನೋಡ್ತಾರೆ, ಆಮೇಲೆ ಬಾರ್ಡರ್ ನೋಡ್ತಾರೆ."

ಅವನಣ್ಣ ಅವನ ಮುಖ ನೋಡಿದ. ಅಣ್ಣನಿಗೂ ಗೊತ್ತಿರಲಿಲ್ಲ! "ಹೌದೇನೋ?" ಅಂದ. ಶಾಂತವೀರಪ್ಪ ನೆಲ ನೋಡಿದ. ನಾನು ಬಹಳ ಹೊಡೆದಾಟ ನೋಡಿದ್ದೀನಿ ಶೈಲ, ಮನುಷ್ಯ ಅಷ್ಟು ಪೆಟ್ಟು ತಿಂದದ್ದು ನೋಡಿರಲಿಲ್ಲ.

ಅಣ್ಣನೇ ಲಾಯರನ್ನ ಕರೆಸಿದ. ಇಬ್ಬರ ಒಪ್ಪಿಗೆಯ ವಿಚ್ಛೇದನಕ್ಕೆ ಅವನು ಸಹಿ ಹಾಕಿದ. ನನ್ನ ಕೇಸಿಗೂ ರಾಜಿ. ಅರ್ಜಿ ಇದರ ಜೊತೆ ಇಟ್ಟಿದ್ದೀನಿ, ನೀನು ಗುರುತು ಹಾಕಿದ ಕಡೆ ಸಹಿ ಹಾಕಿ ಲಾಯರಿಗೆ ಕಳಿಸು. ನಿನ್ನನ್ನ ಕರೆಯೋಕೆ ಯಾವ ಹಿರಿಯರೂ ಬರಲ್ಲ.

ಬಸ್ಸು ಇಳಿಯುವಾಗ ಜಾರಿ ಬಿದ್ದು ಮುಂದಿನ ಎರಡು ಹಲ್ಲು ಹೋಗಿವೆ. ಪಕ್ಕೆಲುಬಿಗೂ ಸ್ವಲ್ಪ ತಾಗಿದೆ. ಏನೂ ಗಾಬರಿ ಬೇಡ.

ಇನ್ನು ನಿಜ ಹೇಳ್ತೀನಿ ಅಂತ ಬರೆದ್ಯಲ್ಲ, ಅದು ಬೇಡ. ರಾಜಿಯಾಗಿರೋದೇ ಆ ಮಾತು ಹೊರಗೆ ಬರಲ್ಲ ಅಂತ. ಅದೂ ಅಲ್ಲದೆ, ನಾನು ಇಷ್ಟು ವರ್ಷದಲ್ಲಿ ಎಷ್ಟು ಜನರನ್ನ ಹೊಡೆದು ಹಾಕಿದ್ದೀನಿ, ಒಂದಾದ್ರೂ ಸರ್ಕಾರಿ ಕಾಗದದಲ್ಲಿ ಇದೆಯಾ? ಸೀಲು ಹೊಡೆದು, ಸಾಹೇಬರು ಸಹಿ ಹಾಕಿ, ಹೊಡೆದವನು ಜಯದೇವಪ್ಪ ಅಂತ ಬರೆದಿರೋದು ಇದೊಂದೇ. ಅದನ್ನ ನನ್ನ ಕೈಯಿಂದ ಕಿತ್ಕೋಬೇಡ ಕಣಮ್ಮ.

ನಿನ್ನೆ ಮರುಳಸಿದ್ಧಕ್ಕೆ ಹೋಗಿ ಗಾಂಧಿ ಕ್ಲಾಸಿನಲ್ಲಿ ಕೂತೆ. ಇಷ್ಟು ವರ್ಷ ಬಾಗಿಲಲ್ಲಿ ನಿಂತು ಅಡ್ಡಡ್ಡ ನೋಡಿದವನು, ನೇರ ಕೂತು ನೋಡಿದ್ದು ಇದೇ ಮೊದಲು. ಪಕ್ಕದವನು ಗುರುತು ಹಿಡಿದ. "ಅಣ್ಣಾ, ಸಂಕ್ರಾಂತಿ ಕ್ಲೈಮ್ಯಾಕ್ಸ್ ನಮಗೆ ಅರ್ಧಾನೇ ತೋರಿಸ್ಬಿಟ್ಯಲ್ಲ" ಅಂದ. "ಇನ್ನರ್ಧ ಬಾಲ್ಕನಿಯಲ್ಲಿ ತೋರಿಸಿದ್ನಲ್ಲೋ" ಅಂದೆ. ಕಡಲೆಕಾಯಿ ಕೊಟ್ಟ. ಹಲ್ಲಿಲ್ಲದೆ ತಿನ್ನೋಕೆ ಆಗಲಿಲ್ಲ, ಜೇಬಿಗೆ ಹಾಕ್ಕೊಂಡೆ.

ಜಯದೇವಪ್ಪ


ತಿಪಟೂರು
4-5-1998

ಮಾವ,

ಅರ್ಜಿಗೆ ಸಹಿ ಹಾಕಿ ಇವತ್ತೇ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ಪೋಸ್ಟ್ ಮಾಸ್ಟರರು ಕೊಟ್ಟ ರಸೀದಿಯನ್ನು ಮಡಚಿ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಬಸ್ಸು ಇಳಿಯುವಾಗ ಬಿದ್ದರೆ ಮೊಣಕಾಲು ಹೋಗುತ್ತದೆ, ಹಲ್ಲು ಹೋಗುವುದಿಲ್ಲ. ಆ ಥರ ಬೀಳುವುದರಲ್ಲಿ ನನಗೆ ನಿನಗಿಂತ ಅನುಭವ ಜಾಸ್ತಿ. ಪಕ್ಕೆಲುಬಿಗೆ ಗಟ್ಟಿಯಾಗಿ ಪಟ್ಟಿ ಕಟ್ಟಿಸಿಕೋ, ಎಡಕ್ಕೆ ಮಲಗಬೇಡ. ಮುಂದಿನ ವಾರ ಬರುತ್ತೇನೆ. ಹಲ್ಲು ಕಟ್ಟಿಸಿಕೊಳ್ಳುವುದು ಇಬ್ಬರೂ ಒಟ್ಟಿಗೇ ಹೋಗಿ ಮಾಡಿಸೋಣ.

ಆ ಏಟು ಕಾಗದದಲ್ಲಿ ನಿನ್ನದೇ ಇರಲಿ. ನಾನು ಕೋರ್ಟಿಗೆ ಬರುವುದಿಲ್ಲ.

ಆದರೆ ಒಬ್ಬರಿಗೆ ಮಾತ್ರ ಹೇಳಿಬಿಟ್ಟೆ. ಸಹಿ ಹಾಕಿದ್ದನ್ನು ನೋಡಿ ಅಮ್ಮ ಅಡುಗೆ ಮನೆಯಲ್ಲಿ ಕೂತು ನಿನ್ನನ್ನು ಬೈಯುತ್ತಿದ್ದಳು. ತನ್ನ ತಮ್ಮ ಕೈ ಮಾಡಿದ್ದರಿಂದಲೇ ಮಗಳ ಸಂಸಾರ ಹಾಳಾಯಿತು ಅಂತ. ನನಗೆ ತಡೆಯಲಾಗಲಿಲ್ಲ. ಹೊಡೆದದ್ದು ಮಾವ ಅಲ್ಲ, ನಾನು ಅಂದೆ. ಮೊದಲು ಕೇಳಿಸಿಕೊಳ್ಳದವಳ ಹಾಗೆ ಅಕ್ಕಿ ಆರಿಸುತ್ತಿದ್ದಳು. ಆಮೇಲೆ ಮೊರ ಕೆಳಗಿಟ್ಟು ಹತ್ತಿರ ಬಂದಳು. ನನ್ನ ಹಣೆಯ ಮೇಲಿನ ಹೊಲಿಗೆಯ ಗುರುತನ್ನು ಈ ನಾಲ್ಕು ತಿಂಗಳಲ್ಲಿ ಮೊದಲ ಸಲ ಮುಟ್ಟಿ ನೋಡಿದಳು. ಬಲಗೈ ಹಿಡಿದು ಅಂಗೈ ತಿರುಗಿಸಿ ನೋಡಿದಳು.

ಆಮೇಲೆ ಕೇಳಿದಳು:

"ಒಂದೇ ಏಟಾ?"

ಶೈಲ